ಕೊನೆಯ ಪ್ಯಾರಾ ಅವರದ್ದಲ್ಲ

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಒಮ್ಮೆ ಆ ಹೆಸರನ್ನು ಬರೆಯಬಾರದ ಕಡೆ ಬರೆದಿದ್ದೇನೆ. ಶಾಲೆಯಲ್ಲಿ ಎಲ್ಲರೂ ಅವರನ್ನು ದೊಡ್ಡ ಟೀಚರ್ ಎನ್ನುತ್ತಿದ್ದರು, ನನ್ನನ್ನು ಸಣ್ಣ ಟೀಚರ್. ಇಲ್ಲಿಯೂ ಹಾಗೆಯೇ ಇರಲಿ.

ಕಳೆದ ತಿಂಗಳು ಪತ್ರಿಕೆಯ ಒಳಪುಟದಲ್ಲಿ ಅವರ ಫೋಟೋ ಬಂತು. ನಿವೃತ್ತ ಶಿಕ್ಷಕಿ, ಅಲ್ಪಕಾಲದ ಅಸೌಖ್ಯ, ಪತಿ ಮತ್ತು ಮಗಳನ್ನು ಅಗಲಿದ್ದಾರೆ. ನಾಲ್ಕು ಸಾಲು. ಅವರು ಬರೆಯುತ್ತಿದ್ದರು ಎಂಬುದು ಆ ನಾಲ್ಕು ಸಾಲಿನಲ್ಲಿ ಇರಲಿಲ್ಲ. ಇರುವುದಾದರೂ ಹೇಗೆ? ಹದಿನಾಲ್ಕು ವರ್ಷ ತಮ್ಮ ಮಗಳನ್ನು ಸಾಕುವ ಬಗ್ಗೆ ಬರೆದು ಬರೆದು ಪತ್ರಿಕೆಗಳಿಗೆ ಕಳಿಸಿದರು. ಅಚ್ಚಾದದ್ದು ಒಂದೇ ಒಂದು ಲೇಖನ. ಅದರ ಕೊನೆಯ ಪ್ಯಾರಾ ಅವರದ್ದಲ್ಲ.

ಎಪ್ಪತ್ತರ ದಶಕದ ನಡುವಿನಲ್ಲಿ ಕಾಣಿಯೂರಿನ ಹತ್ತಿರದ ಒಂದು ಶಾಲೆಗೆ ನನಗೆ ಮೊದಲ ನೇಮಕವಾಯಿತು. ಆಗ ಕಡಬ ತಾಲೂಕು ಎಂಬುದು ಇರಲಿಲ್ಲ, ಎಲ್ಲದಕ್ಕೂ ಪುತ್ತೂರೇ. ನನ್ನ ಮನೆ ಈಶ್ವರಮಂಗಲದಲ್ಲಿ. ದಿನಾ ಹೋಗಿ ಬರಲಾಗದೆ ಶಾಲೆಯ ಪಕ್ಕದಲ್ಲೇ ಒಂದು ಕೋಣೆ ಹಿಡಿದಿದ್ದೆ. ಮೊದಲ ದಿನ ನಾನು ಕಂಡ ದೊಡ್ಡ ಟೀಚರ್ ಎಂದರೆ ಕುಳ್ಳಗಿನ, ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು ಜಗಳಕ್ಕೆ ಹೊರಟವರ ಹಾಗೆ ನಡೆಯುವ ಒಬ್ಬರು. ಜಗಳವನ್ನೇನೂ ಆಡುತ್ತಿರಲಿಲ್ಲ. ಆದರೆ ಯಾರಾದರೂ ಒಂದು ಮಾತನ್ನು ಇದ್ದದ್ದಕ್ಕಿಂತ ದೊಡ್ಡದು ಮಾಡಿ ಹೇಳಿದರೆ ಅವರಿಂದ ಸುಮ್ಮನಿರಲು ಆಗುತ್ತಿರಲಿಲ್ಲ.

"ಟೀಚರ್, ಹಾಜರಿ ಪುಸ್ತಕ ಹತ್ತು ಗಂಟೆಗೆ ನನ್ನ ಮೇಜಿನ ಮೇಲೆ ಇರಬೇಕು ಅಂತ ಸಾವಿರ ಸಲ ಹೇಳಿದ್ದೇನೆ" ಎಂದು ಹೆಡ್‌ಮಾಸ್ಟ್ರು ಒಂದು ದಿನ ರೇಗಿದರು.

"ನಾಲ್ಕು ಸಲ ಹೇಳಿದ್ದೀರಿ ಸಾರ್" ಎಂದರು ಇವರು. "ಇವತ್ತಿನದ್ದು ಸೇರಿದರೆ ಐದು."

ಹೆಡ್‌ಮಾಸ್ಟ್ರಿಗೆ ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲ. ಇವರು ತಮಾಷೆಗೆ ಹೇಳಿದ್ದಲ್ಲ.

ಅವರು ಬರೆಯುತ್ತಾರೆಂದು ನನಗೆ ತಿಳಿಸಿದ್ದು ನಮ್ಮ ಪೋಸ್ಟ್‌ಮ್ಯಾನ್. ಒಂದು ದಿನ ಹನ್ನೊಂದರ ಹೊತ್ತಿಗೆ ಬಂದು, ದಪ್ಪನೆಯ ಒಂದು ಉದ್ದ ಲಕೋಟೆಯನ್ನು ಕಿಟಕಿಯಿಂದಲೇ ಒಳಗೆ ಚಾಚಿ, "ಟೀಚರೇ, ನಿಮ್ಮದು ಪುನಃ ಬಂತು" ಎಂದ. ಲಕೋಟೆಯ ಮೇಲಿನ ವಿಳಾಸ ಅವರದ್ದೇ ಕೈಬರಹದಲ್ಲಿತ್ತು. ಬರಹ ಒಪ್ಪಿಗೆಯಾಗದಿದ್ದರೆ ತಿರುಗಿ ಕಳಿಸಲೆಂದು ಸ್ಟಾಂಪು ಹಚ್ಚಿದ ಲಕೋಟೆಯನ್ನು ನಾವೇ ಜೊತೆಗಿಡಬೇಕು ಎಂಬುದು ನನಗೆ ಅವತ್ತೇ ಗೊತ್ತಾದದ್ದು. ಅವರು ಒಡೆದು ನೋಡದೆ ಅದನ್ನು ಚೀಲಕ್ಕೆ ತುರುಕಿ ಐದನೇ ಕ್ಲಾಸಿಗೆ ಹೋದರು. ಅವತ್ತು ಆ ಕ್ಲಾಸಿನ ಮಕ್ಕಳು ಬೆಲ್ಲು ಹೊಡೆದ ಮೇಲೂ ಭಾಗಾಕಾರ ಮಾಡಿದವು.

ಸ್ವಲ್ಪ ದಿನ ಕಳೆದ ಮೇಲೆ ನನ್ನ ಹತ್ತಿರ ಬಂದು, "ನಿನ್ನ ಅಕ್ಷರ ಚಂದ ಉಂಟು. ನನ್ನದೊಂದು ಪ್ರತಿ ಮಾಡಿ ಕೊಡ್ತೀಯಾ?" ಎಂದು ಕೇಳಿದರು. ಬೋರ್ಡಿನ ಮೇಲೆ ಮುತ್ತಿನ ಹಾಗೆ ಬರೆಯುವ ಅವರ ಅಕ್ಷರ ಕಾಗದದ ಮೇಲೆ ದೇವರಿಗೇ ಪ್ರೀತಿ. ಸಣ್ಣವರಿದ್ದಾಗ ಎಡಗೈಯಲ್ಲಿ ಬರೆಯುತ್ತಿದ್ದರಂತೆ. ಹೊಡೆದು ಹೊಡೆದು ಬಲಗೈಗೆ ತಿರುಗಿಸಿದ್ದರಂತೆ. "ಬಲಗೈಗೆ ಸಿಟ್ಟು ಇನ್ನೂ ಹೋಗಲಿಲ್ಲ" ಎನ್ನುತ್ತಿದ್ದರು.

ಹಾಗೆ ನಾನು ಅವರ ಲಿಪಿಕಾರ್ತಿಯಾದೆ. ಫುಲ್‌ಸ್ಕೇಪ್ ಹಾಳೆಯ ಒಂದೇ ಮಗ್ಗುಲಿಗೆ, ಎಡಗಡೆ ಎರಡು ಬೆರಳು ಜಾಗ ಬಿಟ್ಟು ಬರೆಯಬೇಕು. ಮೊದಲು ಬರೆದುಕೊಟ್ಟ ಲೇಖನದ ಹೆಸರು 'ತಲೆ ಬಾಚುವುದು.' ಅದನ್ನು ಬರೆಯುತ್ತ ಬರೆಯುತ್ತ ನನ್ನ ಕೈ ಎರಡು ಮೂರು ಕಡೆ ನಿಂತಿತು.

ಅವರಿಗೆ ಒಬ್ಬಳೇ ಮಗಳು. ನಾನು ಮೊದಲ ಸಲ ಕಂಡಾಗ ಎಂಟು ವರ್ಷ. ಮಾತಿಲ್ಲ, ಬುದ್ಧಿ ಎರಡು ವರ್ಷದ ಮಗುವಿನದ್ದು, ಆಗಾಗ ಫಿಟ್ಸ್ ಬರುತ್ತಿತ್ತು. ಹಗಲು ಅಜ್ಜಿ ನೋಡಿಕೊಳ್ಳುತ್ತಿದ್ದರು. ಒಂದು ಶನಿವಾರ ಮಧ್ಯಾಹ್ನ ನನ್ನನ್ನು ಮನೆಗೆ ಕರೆದುಕೊಂಡು ಹೋದಾಗ ಅವಳು ಸೀದಾ ಬಂದು ನನ್ನ ಕೈ ಹಿಡಿದು, ಗಾಜಿನ ಬಳೆಗಳನ್ನು ಒಂದೊಂದಾಗಿ ತಿರುಗಿಸಿ, ಮೂಗಿಗೆ ಹಿಡಿದು ಮೂಸಿದಳು. ಮತ್ತೆ ಕೈ ಬಿಟ್ಟು ಹೋದಳು. ಬಾಚಣಿಗೆ ಕಂಡರೆ ಮನೆ ಹಾರಿಹೋಗುವಂತೆ ಕಿರುಚುವ ಮಗು, ಅಮ್ಮ ಹದಿನೇಳರ ಮಗ್ಗಿ ಹೇಳಿದರೆ ಮಾತ್ರ ಸುಮ್ಮನೆ ಕೂರುತ್ತಿತ್ತಂತೆ. ಹದಿನಾರರದ್ದೂ ಆಗದು, ಹದಿನೆಂಟರದ್ದೂ ಆಗದು. ಆ ಲೇಖನದಲ್ಲಿದ್ದದ್ದು ಇಷ್ಟೇ: ಬೆಳಿಗ್ಗೆ ಎಷ್ಟು ಹೊತ್ತಿಗೆ ಬಾಚಣಿಗೆ ಹಿಡಿಯುತ್ತೇನೆ, ಎಲ್ಲಿ ಕಚ್ಚುತ್ತಾಳೆ, ಯಾವತ್ತು ನಾನು ಅವಳಿಗೆ ಹೊಡೆದೆ, ಹೊಡೆದ ಮೇಲೆ ಶಾಲೆಗೆ ಹೋಗಿ ಯಾವ ಪಾಠ ಮಾಡಿದೆ.

ಆ ಲೇಖನ ಮೂರು ಪತ್ರಿಕೆಗಳಿಂದ ಹಿಂದೆ ಬಂತು. ಎರಡರಲ್ಲಿ ಅಚ್ಚು ಹಾಕಿದ ಚೀಟಿ: ಪ್ರಕಟಿಸಲಾಗುತ್ತಿಲ್ಲ, ವಿಷಾದಿಸುತ್ತೇವೆ. ಮೂರನೆಯದರಲ್ಲಿ ಒಬ್ಬರು ಕೈಯಲ್ಲೇ ಬರೆದಿದ್ದರು: 'ಪ್ರಬಂಧ ಎಂದರೆ ಓದುಗರ ಮನಸ್ಸು ಹಗುರವಾಗಬೇಕು. ತಮ್ಮ ಮಗುವಿನ ತುಂಟಾಟಗಳ ಬಗ್ಗೆ ಬರೆಯಿರಿ.'

"ಕಚ್ಚುದು ತುಂಟಾಟ ಅಲ್ವಂತ?" ಎಂದು ಚೀಟಿಯನ್ನು ನನ್ನ ಮುಂದೆ ಹಾಕಿದರು.

ಅವರು ಎಲ್ಲ ಪತ್ರಿಕೆಗಳನ್ನೂ ಓದುತ್ತಿದ್ದರು. ತಾಯಂದಿರು ಬರೆದ ಪುಟ ಸಿಕ್ಕಿದರೆ ಮೊದಲು ಅದನ್ನೇ ಓದಿ ಸಿಟ್ಟು ಮಾಡಿಕೊಳ್ಳುತ್ತಿದ್ದರು. ಮಗುವಿನ ಮೊದಲ ಹಲ್ಲಿನ ಬಗ್ಗೆ ಯಾರೋ ಬರೆದ ಒಂದು ಪುಟವನ್ನು ನನಗೆ ತೋರಿಸಿ, ತಮ್ಮ ಮುಂಗೈ ಚಾಚಿದರು. "ಇವರ ಮಗುವಿನ ಹಲ್ಲು ಮುದ್ದು. ನನ್ನ ಮಗುವಿನ ಹಲ್ಲು ಇಲ್ಲಿ ಉಂಟು ನೋಡು. ಇದೂ ಹಲ್ಲೇ ಅಲ್ವಾ ಮಾರಾಯ್ತಿ?"

ಮುಂಗೈಯಲ್ಲಿ ಅರ್ಧ ಚಂದ್ರನ ಹಾಗೆ ಹಳೆಯ ಗುರುತು ಇತ್ತು.

ಯಾಕೆ ಇಷ್ಟು ಹಟ ಎಂದು ನಾನು ಒಮ್ಮೆ ಕೇಳಿದ್ದೆ. ಗಂಡನಿಗೂ ಇದು ಇಷ್ಟವಿರಲಿಲ್ಲ. ಅವರು ಕಡಬದ ಒಂದು ಸೊಸೈಟಿಯಲ್ಲಿ ಗುಮಾಸ್ತರು, ಮೆತ್ತಗಿನ ಮನುಷ್ಯ. "ಮನೆಯ ಕಷ್ಟ ಮನೆಯಲ್ಲಿರಲಿ, ಊರಿಗೆಲ್ಲ ಯಾಕೆ ಹೇಳುದು?" ಎಂಬುದು ಅವರ ಮಾತು. ಅದಕ್ಕೇ ಟಪಾಲು ಶಾಲೆಯ ವಿಳಾಸಕ್ಕೆ ಬರುತ್ತಿದ್ದದ್ದು. "ಊರಿಗೆ ಮೊದಲೇ ಗೊತ್ತುಂಟು. ಗೊತ್ತಿಲ್ಲದ ಹಾಗೆ ಮಾಡುದು ನಾವು ಮಾತ್ರ" ಎಂದು ಇವರು ಉತ್ತರ ಕೊಟ್ಟಿದ್ದರಂತೆ.

ನನಗೆ ಹೇಳಿದ್ದು ಬೇರೆ. "ಅವಳಿಗೆ ಎರಡು ವರ್ಷ ಆದಾಗ ಸರಿಯಾಗಿ ಕೂರ್ಲಿಕ್ಕೂ ಬರ್ತಿರಲಿಲ್ಲ. ಆಗ ನಾನು ಸಿಕ್ಕಿದ ಪತ್ರಿಕೆಯೆಲ್ಲ ಹುಡುಕಿದ್ದೇನೆ. ಇಂಥ ಮಗುವಿನ ತಾಯಿ ಒಬ್ಬಳಾದರೂ ಬರೆದಿದ್ದಾಳಾ ಅಂತ. ಒಬ್ಬಳೂ ಇಲ್ಲ. ಹಾಗಾಗಿ ಲೋಕದಲ್ಲಿ ನಾನು ಒಬ್ಬಳೇ ಅಂತ ನಾಲ್ಕು ವರ್ಷ ತಿಳ್ಕೊಂಡಿದ್ದೆ. ನಾಲ್ಕು ವರ್ಷ ಕಡಿಮೆ ಅಲ್ಲ."

ಮೂರು ವರ್ಷಗಳಲ್ಲಿ ನಾನು ಒಂಬತ್ತು ಲೇಖನಗಳ ಪ್ರತಿ ಮಾಡಿದೆ. ಒಂಬತ್ತೂ ಸುತ್ತು ಹೊಡೆದು ತಿರುಗಿ ಬಂದವು. ಒಂದು ಕಡೆ ಭಾಷೆ ಒರಟಾಯಿತು, ಇನ್ನೊಂದು ಕಡೆ ತೀರ ಖಾಸಗಿಯಾಯಿತು, ಮತ್ತೊಂದು ಕಡೆ ಉತ್ತರವೇ ಇಲ್ಲ, ಜೊತೆಗಿಟ್ಟ ಲಕೋಟೆಯೂ ಇಲ್ಲ. ನನಗಂತೂ ಪೋಸ್ಟ್‌ಮ್ಯಾನ್ ಸೈಕಲಿನ ಬೆಲ್ಲು ಕೇಳಿದರೆ ಎದ್ದು ಹೊರಗೆ ಹೋಗೋಣ ಎನ್ನಿಸುತ್ತಿತ್ತು. ಅವರ ಮೇಲೂ ಸಿಟ್ಟು ಬರುತ್ತಿತ್ತು. ಸ್ವಲ್ಪ ಮೆತ್ತಗೆ ಮಾಡಿ ಬರೆದರೆ ಏನು ಹೋಗುತ್ತದೆ? ಒಂದೆರಡು ಸಾಲು ಸೇರಿಸಿದರೆ, ಒಂದೆರಡು ಸಾಲು ಬಿಟ್ಟರೆ? ಹಾಗೆ ಹೇಳಿದಾಗಲೆಲ್ಲ, "ಆಗ ಅದು ಬೇರೆ ಯಾರದ್ದೋ ಮಗು ಆಗ್ತದೆ" ಎಂದುಬಿಡುತ್ತಿದ್ದರು.

ಹತ್ತನೆಯದು 'ಕುಂಬ್ರದಲ್ಲಿ ಇಳಿದದ್ದು.'

ಅವರ ತವರು ಸುಳ್ಯ. ಒಮ್ಮೆ ಮಗಳನ್ನು ಪುತ್ತೂರಿನ ಡಾಕ್ಟರಿಗೆ ತೋರಿಸಿ, ಅಲ್ಲಿಂದ ಸುಳ್ಯದ ಬಸ್ಸು ಹತ್ತಿದರು. ಬಸ್ಸು ತುಂಬ ಜನ. ಹುಡುಗಿ ಕಿರುಚಲು ಶುರುಮಾಡಿದಳು. ಮೊದಲು ಒಬ್ಬರು ಬಾಳೆಹಣ್ಣು ಕೊಟ್ಟರು, ಒಬ್ಬರು ದೈವಕ್ಕೆ ಹೇಳಿಕೊಳ್ಳಿ ಎಂದರು. ಆಮೇಲೆ ಹಿಂದಿನಿಂದ ಯಾರೋ, "ಇಂಥವರನ್ನೆಲ್ಲ ಬಸ್ಸಿಗೆ ಹತ್ತಿಸುದು ಯಾಕೆ?" ಎಂದರು. ಕುಂಬ್ರ ಬಂದಾಗ ಕಂಡಕ್ಟರ್ ಮುಖ ನೋಡದೆ, "ಟೀಚರ್, ಇಲ್ಲಿ ಇಳಿದು ಮುಂದಿನ ಬಸ್ಸಿಗೆ ಬನ್ನಿ" ಎಂದ. ಇಳಿದರು. ಪೇಟೆಯ ಮೂಲೆಯ ಅಂಗಡಿಯ ಬ್ಯಾರಿಯೊಬ್ಬರು ಬೆಂಚಿನ ಮೇಲಿದ್ದ ಗೋಣಿಚೀಲ ಸರಿಸಿ ಜಾಗ ಮಾಡಿಕೊಟ್ಟರು. ಏನೂ ಕೇಳಲಿಲ್ಲ. ಒಂದು ಗಂಟೆ ಆ ಬೆಂಚಿನ ಮೇಲೆ ಕೂತು ತಾನು ಏನೇನು ಯೋಚಿಸಿದೆ ಎಂದು ಟೀಚರ್ ಒಂದನ್ನೂ ಮುಚ್ಚಿಡದೆ ಬರೆದಿದ್ದರು. ಇವಳು ಹುಟ್ಟದಿದ್ದರೆ ಎಂದು ಯೋಚಿಸಿದ್ದನ್ನೂ. ಕೊನೆಯ ಪ್ಯಾರಾ ಹೀಗಿತ್ತು: 'ಎರಡನೆಯ ಬಸ್ಸು ಬಂತು. ಹತ್ತಿದೆವು. ಅವಳು ಪುನಃ ಕಿರುಚಿದಳು. ಜನ ಪುನಃ ತಿರುಗಿ ನೋಡಿದರು. ಈ ಸಲ ನಾನು ಇಳಿಯಲಿಲ್ಲ.'

ಪ್ರತಿ ಮಾಡಿ ಮುಗಿಸಿದ ಮೇಲೆ ಆ ಪ್ಯಾರಾವನ್ನು ಇನ್ನೊಮ್ಮೆ ಓದಿದೆ.

ಒಂದು ವಾರಪತ್ರಿಕೆ ಮಕ್ಕಳ ದಿನದ ವಿಶೇಷ ಸಂಚಿಕೆಗೆ ತಾಯಂದಿರ ಅನುಭವಗಳನ್ನು ಕರೆದಿತ್ತು. ಅದಕ್ಕೆ ಕಳಿಸಿದೆವು. ಎರಡು ವಾರದೊಳಗೆ ಮಗಳಿಗೆ ಫಿಟ್ಸ್ ಜೋರಾಗಿ ಮಂಗಳೂರಿನಲ್ಲಿ ಆಸ್ಪತ್ರೆಗೆ ಸೇರಿಸಿದರು. ಟೀಚರ್ ರಜೆ ಹಾಕಿ ಹೋದರು. ಆ ರಜೆಯಲ್ಲಿ ಪತ್ರಿಕೆಯಿಂದ ಒಂದು ಕಾರ್ಡು ಬಂತು. ಹೆಡ್‌ಮಾಸ್ಟ್ರು ಓದಿ ನನ್ನ ಕೈಗೆ ಕೊಟ್ಟರು. "ಅವರ ಲೇಖನ ಬರೆದು ಕೊಡುದು ನೀವೇ ಅಲ್ವಾ? ನೋಡಿ, ಎಂತ ಅಂತ."

'ತಮ್ಮ ಲೇಖನ ಮೆಚ್ಚುಗೆಯಾಗಿದೆ. ಮುಕ್ತಾಯ ಮಾತ್ರ ನಿರಾಶೆ ತರುವಂತಿದೆ. ಆಶಾದಾಯಕವಾಗಿ ಸಣ್ಣ ತಿದ್ದುಪಡಿ ಮಾಡಲು ಒಪ್ಪಿಗೆಯಿದ್ದಲ್ಲಿ ಮರುಟಪಾಲಿಗೆ ತಿಳಿಸಿ. ಸಂಚಿಕೆ ಅಚ್ಚಿಗೆ ಹೋಗಲಿದೆ.'

ಟೀಚರ್ ಬರಲು ಇನ್ನೂ ಒಂದು ವಾರ ಇತ್ತು. ಬಂದಿದ್ದರೆ ಏನು ಹೇಳುತ್ತಿದ್ದರು ಎಂಬುದರಲ್ಲಿ ನನಗೆ ಸಂಶಯ ಇರಲಿಲ್ಲ. ಇಷ್ಟು ವರ್ಷ ಮುಚ್ಚಿದ್ದ ಬಾಗಿಲು ಒಂದು ಗೇಣು ತೆರೆದಿದೆ, ಇವರು ಬಂದು ಅದನ್ನು ದಡಾರನೆ ಹಾಕಿಬಿಡುತ್ತಾರೆ ಎಂದು ನನಗೆ ಅನ್ನಿಸಿತು. ಸಣ್ಣ ತಿದ್ದುಪಡಿ ಎಂದೇ ಬರೆದಿದ್ದಾರಲ್ಲ. ನಾನು ಒಂದು ಕಾರ್ಡು ತೆಗೆದು, ನನ್ನ ಚಂದದ ಅಕ್ಷರದಲ್ಲಿ 'ಒಪ್ಪಿಗೆ ಇದೆ' ಎಂದು ಬರೆದು, ಕೆಳಗೆ ಅವರ ಹೆಸರು ಹಾಕಿ ಡಬ್ಬಿಗೆ ಹಾಕಿದೆ.

ಅವರು ಹಿಂದೆ ಬಂದ ದಿನ, "ಲೇಖನ ಆಯ್ಕೆಯಾಗಿದೆಯಂತೆ ಟೀಚರ್, ಕಾರ್ಡು ಬಂದಿತ್ತು" ಎಂದೆ. ಉಳಿದದ್ದನ್ನು ಹೇಳಲಿಲ್ಲ. ಕಾರ್ಡು ಎಲ್ಲಿ ಎಂದು ಕೇಳಿದರು. ಎಲ್ಲೋ ಇಟ್ಟಿದ್ದೇನೆ, ಹುಡುಕುತ್ತೇನೆ ಎಂದೆ. ಅವರು ಮತ್ತೆ ಕೇಳಲಿಲ್ಲ. ಕುರ್ಚಿಯಲ್ಲಿ ಕೂತು ಎರಡೂ ಕೈಯಿಂದ ಮುಖ ಉಜ್ಜಿಕೊಂಡರು. ಆಸ್ಪತ್ರೆಯಲ್ಲಿ ಹತ್ತು ದಿನ ನಿದ್ದೆಗೆಟ್ಟ ಮುಖ. "ಕುಂಬ್ರದ್ದು ಹಾಕ್ತಾರಾ? ಅದನ್ನೇ? ಪೂರ್ತಿ?" ಎಂದರು. ಆ ಸಂಜೆ ಗಂಡನಿಗೂ ಹೇಳಿದರಂತೆ. ಬೇಡ ಬೇಡ ಎನ್ನುತ್ತಿದ್ದ ಮನುಷ್ಯ ಸಂಚಿಕೆ ಬಂದ ದಿನ ಪುತ್ತೂರಿಗೆ ಹೋಗಿ ಮೂರು ಪ್ರತಿ ತಂದರು.

ಸ್ಟಾಫ್ ರೂಮಿನಲ್ಲಿ ನಿಂತುಕೊಂಡೇ ಓದಿದರು. ಲೇಖನದ ಹೆಸರು 'ಅಮ್ಮಾ ಎಂದಳು ನನ್ನ ಕಂದ' ಎಂದಾಗಿತ್ತು. ಬೆಂಚಿನ ವರೆಗೆ ಎಲ್ಲ ಅವರದ್ದೇ, ಅವಳು ಹುಟ್ಟದಿದ್ದರೆ ಎಂಬ ಸಾಲೊಂದು ಇರಲಿಲ್ಲ. ಕೊನೆಯಲ್ಲಿ ಎರಡನೆಯ ಬಸ್ಸೇ ಬರಲಿಲ್ಲ. ಅದರ ಬದಲು ಹುಡುಗಿ ತಾಯಿಯ ಕಣ್ಣೀರನ್ನು ತನ್ನ ಪುಟ್ಟ ಬೆರಳಿನಿಂದ ಒರೆಸಿ, ಜೀವಮಾನದಲ್ಲಿ ಮೊದಲ ಸಲ ಬಾಯಿ ತೆರೆದು 'ಅಮ್ಮಾ' ಎಂದಿದ್ದಳು.

ಅವರ ತುಟಿ ಬಿಳಿಚಿಕೊಂಡಿತು. "ಯಾರು ಇವರು? ನನ್ನ ಮಗಳ ಬಾಯಲ್ಲಿ ಮಾತು ಹಾಕ್ಲಿಕ್ಕೆ ಇವರು ಯಾರು? ಕೇಳದೆ?" ಎಂದು ಸಂಪಾದಕರನ್ನು ಬಯ್ದರು. ಬರೆಯಲು ನಾಚಿಕೆಯಾಗುತ್ತದೆ, ನಾನೂ ಸೇರಿ ಬಯ್ದೆ.

ಆಮೇಲೆ ಶುರುವಾಯಿತು. ಹೆಡ್‌ಮಾಸ್ಟ್ರು ಪ್ರಾರ್ಥನೆಯ ಹೊತ್ತಿಗೆ ಮಕ್ಕಳ ಮುಂದೆ ಹೇಳಿ ಚಪ್ಪಾಳೆ ಹೊಡೆಸಿದರು. ಬಸ್‌ಸ್ಟಾಂಡಿನಲ್ಲಿ ಹೆಂಗಸರು ಕೈಹಿಡಿದು, "ಅಂತೂ ಮಗಳು ಮಾತಾಡಿದಳಂತಲ್ಲ, ನಮಗೆ ಹೇಳಲೇ ಇಲ್ಲ ನೀವು" ಎಂದರು. ದೂರದ ನೆಂಟರೊಬ್ಬರು ಮೈಸೂರುಪಾಕು ಹಿಡಿದುಕೊಂಡು ಬಂದರು. ಒಬ್ಬೊಬ್ಬರಿಗೂ ಟೀಚರ್ ನಿಂತು, ಇಲ್ಲ, ಅವಳು ಮಾತಾಡಲಿಲ್ಲ, ಅದು ಪತ್ರಿಕೆಯವರು ಸೇರಿಸಿದ್ದು ಎಂದು ಹೇಳಬೇಕು. ಕೆಲವರು ನಂಬಿದರು. ಕೆಲವರು ದೃಷ್ಟಿಯಾದೀತೆಂದು ಅಡಗಿಸುತ್ತಿದ್ದಾರೆ ಎಂದುಕೊಂಡರು. ಸಂಪಾದಕರಿಗೆ ಖಾರವಾಗಿ ಪತ್ರ ಬರೆದರು. ಉತ್ತರ ಬರಲಿಲ್ಲ. ಬಂದರೆ ನನ್ನ ಕಾರ್ಡಿನ ವಿಷಯ ಬರುತ್ತದೆಂದು ನಾನು ದಿನಾ ಕಿಟಕಿ ಕಾಯುತ್ತಿದ್ದೆ.

ಒಂದು ಶನಿವಾರ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಒಬ್ಬ ಹೆಂಗಸು ಐದಾರು ವರ್ಷದ ಮಗನನ್ನು ಸೊಂಟದಲ್ಲಿ ಹೊತ್ತು ನಿಂತಿದ್ದಳು. ನೆಲ್ಯಾಡಿ ಕಡೆಯವಳು. ಕೇರಳದಿಂದ ಬಂದು ರಬ್ಬರ್ ಹಾಕಿದ ಕ್ರಿಶ್ಚಿಯನ್ ಮನೆತನ. ಎರಡು ಬಸ್ಸು ಬದಲಿಸಿ ಬಂದಿದ್ದಳು. ಕನ್ನಡ ಓದಲು ಬಾರದು, ಪಕ್ಕದ ಮನೆಯ ಹುಡುಗಿ ಪತ್ರಿಕೆ ಓದಿ ಹೇಳಿದ್ದಳಂತೆ.

"ಟೀಚರೇ, ಯಾವ ಮದ್ದು ಕೊಟ್ಟದ್ದು?" ಎಂದಳು. ಕೂರಿ ಎಂದರೂ ಕೂರಲಿಲ್ಲ. "ಯಾವ ಡಾಕ್ಟ್ರು? ಮಂಗಳೂರಾ? ಹೆಸರು ಬರೆದು ಕೊಡಿ, ನಾನು ನಾಳೆಯೇ ಹೋಗ್ತೇನೆ. ಇವನೂ ಮಾತಾಡುದಿಲ್ಲ."

"ನನ್ನ ಮಗಳು ಮಾತಾಡಲಿಲ್ಲಮ್ಮ" ಎಂದರು ಟೀಚರ್.

"ಪುಸ್ತಕದಲ್ಲಿ ಉಂಟಲ್ಲ?"

"ಅದು ನಾನು ಬರೆದದ್ದಲ್ಲ."

"ನಿಮ್ಮ ಹೆಸರು ಉಂಟು."

"ಹೆಸರು ನನ್ನದು" ಎಂದರು ಟೀಚರ್. ಆಮೇಲೆ ಅವಳನ್ನು ಮನೆಗೆ ಕರೆದುಕೊಂಡು ಹೊರಟರು. ನನಗೂ ಹೋಗದೆ ಇರಲು ಆಗಲಿಲ್ಲ.

ಹುಡುಗಿ ಜಗಲಿಯಲ್ಲಿ ಕೂತು ಒಂದು ಮುಚ್ಚಳವನ್ನು ನೆಲಕ್ಕೆ ಬಡಿಯುತ್ತಿದ್ದಳು. ಆ ತಾಯಿ ಮಗನನ್ನು ಕೆಳಗಿಳಿಸಿ ಅವಳ ಮುಂದೆ ಮೊಣಕಾಲೂರಿ ಕೂತಳು. "ಮೋಳೇ, ಮಗಳೇ, ಅಮ್ಮಾ ಅಂತ ಹೇಳು. ಒಂದು ಸಲ ಹೇಳು" ಎಂದಳು. ಮತ್ತೊಮ್ಮೆ ಹೇಳಿದಳು. ಗಲ್ಲ ಹಿಡಿದು ಮೂರನೆಯ ಸಲ ಹೇಳಿದಳು. ಹುಡುಗಿ ಅವಳ ಕುತ್ತಿಗೆಯ ಸರದ ಶಿಲುಬೆಯನ್ನು ಹಿಡಿದು ಮೂಸಿ, ಬಿಟ್ಟು, ಪುನಃ ಮುಚ್ಚಳ ಬಡಿಯತೊಡಗಿದಳು.

ಆ ಹೆಂಗಸು ಎದ್ದು ನಿಂತಳು. "ಹಾಗಾದರೆ ಯಾಕೆ ಬರೆದದ್ದು? ನನ್ನನ್ನು ಇಲ್ಲಿ ತನಕ ಬರಿಸ್ಲಿಕ್ಕಾ?"

ಯಾವ ಮಾತಿಗೂ ಸರಿಯಾದ ಉತ್ತರ ಇಟ್ಟುಕೊಂಡಿರುತ್ತಿದ್ದ ಟೀಚರ್ ಬಾಗಿಲ ಚೌಕಟ್ಟು ಹಿಡಿದು ಸುಮ್ಮನೆ ನಿಂತರು. ಊಟ ಮಾಡಿ ಹೋಗು ಎಂದರೆ ಅವಳು ಕೇಳಲಿಲ್ಲ. ಮಗನಿಗೆ ನೀರು ಕುಡಿಸಿ ಹೊರಟೇಹೋದಳು. ನಾವಿಬ್ಬರೂ ಹಿಂದಿನಿಂದ ಹೋಗಿ ಬಸ್ಸು ಹತ್ತಿಸಿದೆವು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಅಲ್ಲಿಯೇ ರಸ್ತೆಯ ಬದಿಯಲ್ಲಿ ನಾನು ಎಲ್ಲವನ್ನೂ ಹೇಳಿಬಿಟ್ಟೆ.

ಅವರು ನನ್ನ ಮುಖ ನೋಡಿದರು. "ಎಷ್ಟು ದಿನದಿಂದ ನಿನಗೆ ಗೊತ್ತುಂಟು?"

"ಐವತ್ತು ದಿನ ಆಗಿರಬಹುದು ಟೀಚರ್."

"ಆಗಿರಬಹುದು ಅಲ್ಲ."

ನಾನು ಅಳುತ್ತಲೇ ಬೆರಳು ಮಡಚಿ ಲೆಕ್ಕ ಹಾಕಿದೆ. "ಐವತ್ತಮೂರು."

"ಅವರು ಕೇಳಿದ್ದರು ಹಾಗಾದರೆ. ಕೇಳಲಿಲ್ಲ ಅಂತ ನಾನು ಬಯ್ದು ಬರೆದೆ" ಎಂದಷ್ಟೇ ಹೇಳಿ ನಡೆದುಹೋದರು. ಆ ಸಂಪಾದಕರಿಗೆ ಇನ್ನೊಂದು ಪತ್ರ ಬರೆದರಂತೆ: ನೀವು ಕೇಳದೆ ಮಾಡಿದಿರಿ ಎಂದದ್ದು ನನ್ನ ತಪ್ಪು, ಕ್ಷಮಿಸಿ. ಆದರೆ ಒಪ್ಪಿಗೆ ನನ್ನದಲ್ಲ, ಬರೆದದ್ದು ಸುಳ್ಳು, ದಯವಿಟ್ಟು ತಿದ್ದುಪಡಿ ಹಾಕಿ. ತಿದ್ದುಪಡಿ ಯಾವತ್ತೂ ಬರಲಿಲ್ಲ.

ಬಂದದ್ದು ಓದುಗರ ಪತ್ರಗಳು. ಪತ್ರಿಕೆಯವರು ಕಟ್ಟಿ ಕಳಿಸಿದ್ದರು. ಓದಿ ಕಣ್ಣೀರು ಬಂತು, ದೇವರು ದೊಡ್ಡವನು, ನಿಮ್ಮ ಕಂದ ಈಗ ಏನೇನು ಮಾತಾಡುತ್ತಾಳೆ ಎಂದೆಲ್ಲ. ಟೀಚರ್ ಒಂದೊಂದಕ್ಕೂ ಕಾರ್ಡು ಬರೆದರು. ನನ್ನ ಮಗಳು ಮಾತಾಡಿಲ್ಲ. ಕೊನೆಯ ಪ್ಯಾರಾ ನನ್ನದಲ್ಲ. ಅವರು ಮಧ್ಯಾಹ್ನದ ಬಿಡುವಿನಲ್ಲಿ ಕೂತು, ಆ ಸಿಟ್ಟಿನ ಬಲಗೈಯಲ್ಲಿ, ಅದನ್ನೇ ಪುನಃ ಪುನಃ ಬರೆಯುವುದನ್ನು ನೋಡಲಾರದೆ ನಾನು, "ಕೊಡಿ ಟೀಚರ್, ನಾನು ಬರೀತೇನೆ" ಎಂದೆ.

"ಬೇಡ. ಇದು ನನ್ನ ಅಕ್ಷರದಲ್ಲೇ ಹೋಗಬೇಕು."

ನನ್ನ ಮೇಲೆ ಕೂಗಾಡಿದ್ದರೆ ಒಳ್ಳೆಯದಿತ್ತು. ಶಾಲೆಯ ಕೆಲಸದ ಮಾತು ಮಾತ್ರ ಆಡುತ್ತಿದ್ದರು, ಮಕ್ಕಳ ಮುಂದೆ ಮಾತ್ರ 'ನೀವು' ಎನ್ನುತ್ತಿದ್ದವರು ಈಗ ಯಾವಾಗಲೂ 'ನೀವು' ಎನ್ನತೊಡಗಿದರು. ಹೊಸ ಲೇಖನಗಳನ್ನು ತಾವೇ ಪ್ರತಿ ಮಾಡಿ ಕಳಿಸುತ್ತಿದ್ದರು. ಅಕ್ಷರ ಓದಲಾಗುತ್ತಿಲ್ಲ ಎಂಬ ಷರಾ ಹೊತ್ತು ಅವು ಹಿಂದೆ ಬರುತ್ತಿದ್ದವು. ಪೋಸ್ಟ್‌ಮ್ಯಾನ್ ನನ್ನನ್ನು ನೋಡುತ್ತಿದ್ದ, ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಆದರೆ ಒಂದು ಕೆಲಸ ಮಾಡಿದರು. ಆ ತಾಯಿ ಬಂದು ಹೋದ ಮುಂದಿನ ಭಾನುವಾರವೇ ವಿಳಾಸ ವಿಚಾರಿಸಿಕೊಂಡು ನೆಲ್ಯಾಡಿಗೆ ಹೋದರು. "ಅವಳು ಒಂದು ಪ್ರಶ್ನೆ ಕೇಳಿದ್ದಾಳೆ, ಉತ್ತರ ಕೊಡ್ಲಿಕ್ಕೆ ಉಂಟು" ಎಂದು ಗಂಡನಿಗೆ ಹೇಳಿದ್ದರಂತೆ. ಅಲ್ಲಿ ಕೂತು ತಮ್ಮ ಮೂಲ ಲೇಖನವನ್ನು ಬಸ್ಸಿನಿಂದ ಬಸ್ಸಿನವರೆಗೆ ಓದಿ ಹೇಳಿದರು. ಆ ಹೆಂಗಸು ಕೊನೆಯವರೆಗೂ ಕೇಳಿ, ಮುಂದಿನ ಭಾನುವಾರ ಬರುವಾಗ ಮಗಳನ್ನೂ ಕರಕೊಂಡು ಬನ್ನಿ ಎಂದಳಂತೆ. ಕೆಲವು ತಿಂಗಳಲ್ಲಿ ನೆಲ್ಯಾಡಿಯ ಆ ಮನೆಯ ಜಗಲಿಯಲ್ಲಿ ಅಂಥ ಮಕ್ಕಳ ತಾಯಂದಿರು ನಾಲ್ಕು ಮಂದಿ ಸೇರತೊಡಗಿದರು, ಟೀಚರ್ ಓದುತ್ತಿದ್ದರು. ಇದನ್ನು ಕೇಳಿದ ಹೆಡ್‌ಮಾಸ್ಟ್ರು ಒಮ್ಮೆ, "ಒಳ್ಳೆಯದಾಯ್ತಲ್ಲ ಟೀಚರ್, ನಿಮ್ಮ ಬರಹಕ್ಕೆ ಕೇಳುವವರು ಸಿಕ್ಕಿದರು" ಎಂದು ಸಮಾಧಾನ ಹೇಳಿದರು.

"ಓದಿ ಹೇಳುದು ಬೇರೆ, ಅಚ್ಚಾಗುದು ಬೇರೆ ಸಾರ್" ಎಂದರು ಇವರು. "ನನಗೆ ಗೊತ್ತಿಲ್ಲದವಳು ಓದಬೇಕು. ನನಗೆ ಗೊತ್ತಿರುವವರಿಗೆ ನಾನು ಹೇಗೂ ಹೇಳ್ತೇನೆ."

ಎರಡು ವರ್ಷ ಕಳೆದಿತ್ತು. ಮಗಳು ದೊಡ್ಡವಳಾದಳು. ಅದಾದ ತಿಂಗಳಲ್ಲಿ ಒಂದು ಬೆಳಿಗ್ಗೆ ನನ್ನ ಮೇಜಿನ ಮೇಲೆ ಆರು ಹಾಳೆಗಳನ್ನು ಇಟ್ಟು, "ಒಂದು ಅಕ್ಷರ ಬದಲಿಸಬಾರದು ನೀನು" ಎಂದರು. 'ನೀನು' ಎಂದದ್ದು ಕೇಳಿದ್ದೇ ನಾನು ಹಾಳೆಗಳನ್ನು ಎತ್ತಿಕೊಂಡೆ. ರಕ್ತ ಕಂಡು ಹೆದರಿದ ಮಗಳಿಗೆ ಅದು ಗಾಯವಲ್ಲ ಎಂದು ಮಾತಿಲ್ಲದೆ ಹೇಗೆ ತಿಳಿಸಿದೆ, ಬಟ್ಟೆ ಕಿತ್ತೆಸೆಯದಂತೆ ಹೇಗೆ ಕಲಿಸಿದೆ, ಮುಂದೆ ನಾನಿಲ್ಲದ ದಿನ ಯಾರು ಎಂದು ಬರೆದಿದ್ದರು. ಅಷ್ಟು ಒಳ್ಳೆಯದನ್ನು ಅವರು ಬೇರೆ ಬರೆದಿಲ್ಲ. ಒಂದು ಕಡೆ ಒತ್ತಕ್ಷರ ತಪ್ಪಿತ್ತು. ಅದನ್ನೂ ಹಾಗೆಯೇ ಇಳಿಸಿದೆ. ಟೀಚರ್ ಅದನ್ನು ನೋಡಿ, "ಇದನ್ನಾದರೂ ಸರಿ ಮಾಡಬಹುದಿತ್ತು ಮಾರಾಯ್ತಿ" ಎಂದರು. ಎರಡು ವರ್ಷದಲ್ಲಿ ಮೊದಲ ಸಲ ನಕ್ಕದ್ದು.

ಅದನ್ನು ಐದು ಪತ್ರಿಕೆಗಳಿಗೆ ಕಳಿಸಿದೆವು.

'ಕುಟುಂಬದ ಎಲ್ಲರೂ ಓದುವ ಪತ್ರಿಕೆಗೆ ಇದು ಹೊಂದುವುದಿಲ್ಲ.' 'ಸಂಕೋಚದ ವಿಷಯ.' ಒಬ್ಬ ಮಹಾನುಭಾವರು, 'ಇದನ್ನು ತಾವು ಬರೆದಿರುವುದು ತಮ್ಮ ಮನೆಯವರಿಗೆ ತಿಳಿದಿದೆಯೇ?' ಎಂದು ಕೇಳಿದ್ದರು. ಐದನೆಯದು ಬಂದ ದಿನ ಟೀಚರ್ ಲಕೋಟೆಯನ್ನು ಮೇಜಿಗೆ ಬಡಿದು, "ಇವರ ಮನೆಯಲ್ಲಿ ಹೆಣ್ಣುಮಕ್ಕಳೇ ಇಲ್ವಾ?" ಎಂದು ಗಟ್ಟಿಯಾಗಿ ಕೂಗಿದರು.

ಕೆಲವು ವರ್ಷಗಳ ನಂತರ ನನಗೆ ಸುಳ್ಯದ ಕಡೆ ವರ್ಗವಾಯಿತು. ಅಲ್ಲಿಗೂ ಹಾಳೆಗಳು ಬರುತ್ತಿದ್ದವು, ಪ್ರತಿ ಮಾಡಿ ಕಳಿಸುತ್ತಿದ್ದೆ. ಒಂದೂ ಅಚ್ಚಾಗಲಿಲ್ಲ. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಅವರು ನಿವೃತ್ತರಾದರು. ಬೀಳ್ಕೊಡುವ ದಿನ ನಾನು ಹೋಗಿದ್ದೆ. ಶಿಸ್ತು, ಸಮಯಪಾಲನೆ ಎಂದೆಲ್ಲ ಭಾಷಣವಾಗಿ, ಜನ ಚಹಾ ಕುಡಿದು ಹೋದ ಮೇಲೆ ನೆಲ್ಯಾಡಿಯ ಆ ತಾಯಿ ಒಳಗೆ ಬಂದಳು. ಟೀಚರ್ ಮಕ್ಕಳ ಬೆಂಚಿನ ಮೇಲೆ ಕೂತು ಕಾಲು ಚಾಚಿದ್ದರು. ಅವಳು ಚೀಲದಿಂದ ನಾಲ್ಕು ಹಾಳೆ ತೆಗೆದಳು. ಮಲಯಾಳದಲ್ಲಿ ಬರೆದಿದ್ದಳು. ಮಗನ ವಿಷಯ. ಮಲಯಾಳದ ಒಂದು ವಾರಪತ್ರಿಕೆಗೆ ಕಳಿಸಬೇಕೆಂದಿದ್ದಳು.

"ಬೇಡ ಮಾರಾಯ್ತಿ" ಎಂದರು ಟೀಚರ್. "ನನ್ನ ಅವಸ್ಥೆ ನೋಡಿಲ್ವಾ ನೀನು? ಹದಿನಾಲ್ಕು ವರ್ಷ. ವಾಪಸ್ ಕಳಿಸ್ತಾರೆ."

"ಕಳಿಸಲಿ" ಎಂದಳು ಅವಳು.

ಟೀಚರಿಗೆ ಮಲಯಾಳ ಕೇಳಿದರೆ ತಿಳಿಯುತ್ತಿತ್ತು, ಓದಲು ಬರುತ್ತಿರಲಿಲ್ಲ. ಅವಳೇ ಓದಿದಳು. ರಬ್ಬರ್ ಹಾಲು ತೆಗೆಯುವ ಬೆಳಗಿನ ಹೊತ್ತು, ಮಗನನ್ನು ಒಳಗೆ ಬಿಟ್ಟು ಚಿಲಕ ಹಾಕುವುದು, ಇಗರ್ಜಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂರುವುದು. ಟೀಚರ್ ಕಣ್ಣು ಮುಚ್ಚಿ ಕೇಳುತ್ತಿದ್ದರು. ಕೊನೆಯ ಹಾಳೆಯ ಕೊನೆಯಲ್ಲಿ ಅವನು ತಾಯಿಯ ಮುಖ ನೋಡಿ 'ಅಮ್ಮಚ್ಚೀ' ಎಂದ.

ಟೀಚರ್ ಕಣ್ಣು ತೆರೆದರು. "ಹೇಳಿದನಾ?"

ಅವಳು ಹಾಳೆಯ ಕಡೆ ನೋಡಿದಳು. "ಇಲ್ಲ."

"ಮತ್ತೆ?"

"ಪತ್ರಿಕೆಯವರಿಗೆ ಹಾಗೆ ಬೇಕಲ್ವಾ ಟೀಚರೇ."

ನಾನು ತಲೆ ತಗ್ಗಿಸಿದೆ. ಟೀಚರ್ ಇಷ್ಟು ಸೋತು ಕೂತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಆಮೇಲೆ ಬೆಂಚಿನಲ್ಲಿ ಸ್ವಲ್ಪ ಸರಿದು ಅವಳಿಗೆ ಜಾಗ ಮಾಡಿದರು.

"ನೀನು ಹೊರಗಿಂದ ಬಂದಾಗ ಅವನು ಎಂತ ಮಾಡ್ತಾನೆ? ನಿಜವಾಗಿ?"

ಅವಳು ಯೋಚಿಸಿದಳು. "ನನ್ನ ಚಪ್ಪಲಿ ತೆಗೆದುಕೊಂಡು ಹೋಗಿ ಅಕ್ಕಿ ಡಬ್ಬಿಯ ಹಿಂದೆ ಇಡ್ತಾನೆ. ನಾನು ಪುನಃ ಎಲ್ಲಿಗೂ ಹೋಗಬಾರದು ಅಂತ."

"ಅದನ್ನು ಬರಿ" ಎಂದರು ಟೀಚರ್.